ಸಹಿ ಅಪ್ಪನದು, ಒಡಲು ಮಗಳದು

2025ರ ಜನವರಿಯಲ್ಲಿ ತಂದೆಯೊಬ್ಬರು ಬಾಂಬೆ ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಮಗಳಿಗೆ 27 ವರ್ಷ, ಮದುವೆಯಾಗಿಲ್ಲ, 21 ವಾರಗಳ ಗರ್ಭಿಣಿ. ಅವಳ ಬುದ್ಧಿ ಸ್ವಾಧೀನದಲ್ಲಿಲ್ಲ, ಗರ್ಭ ತೆಗೆಸಲು ಅನುಮತಿ ಕೊಡಿ ಎಂದು ಅವರು ಕೇಳಿದರು. ಅದೇ ಅರ್ಜಿಯಲ್ಲಿ ಇನ್ನೊಂದು ಮಾತೂ ಇತ್ತು: ಮಗಳಿಗೆ ಗರ್ಭ ಉಳಿಸಿಕೊಳ್ಳುವ ಆಸೆ.

ನ್ಯಾಯಮೂರ್ತಿಗಳಾದ ಆರ್.ವಿ. ಘುಗೆ ಮತ್ತು ರಾಜೇಶ್ ಪಾಟೀಲ್ ಅವರ ಪೀಠ, ಆಕೆಯನ್ನು ಜೆ.ಜೆ. ಆಸ್ಪತ್ರೆಯ ವೈದ್ಯಕೀಯ ಮಂಡಳಿಯಿಂದ ಪರೀಕ್ಷೆ ಮಾಡಿಸಿತು. ಆಕೆಗೆ ಮಾನಸಿಕ ಕಾಯಿಲೆ ಇಲ್ಲ, ಬುದ್ಧ್ಯಂಕ 75, ಭ್ರೂಣದಲ್ಲಿ ದೋಷವಿಲ್ಲ, ಗರ್ಭ ಮುಂದುವರಿಸುವ ಶಕ್ತಿ ದೇಹಕ್ಕಿದೆ ಎಂದು ಮಂಡಳಿ ವರದಿ ಕೊಟ್ಟಿತು. ಸರಾಸರಿಗಿಂತ ಕಡಿಮೆ ಬುದ್ಧಿ ಇದ್ದ ಮಾತ್ರಕ್ಕೆ ತಾಯಿಯಾಗುವ ಹಕ್ಕಿಲ್ಲವೇ ಎಂದು ಪೀಠ ಕೇಳಿತು. 2011ರಿಂದ ಬರೀ ಔಷಧಿ ಕೊಟ್ಟಿದ್ದಾರೆ, ಆಪ್ತಸಮಾಲೋಚನೆ ಕೊಡಿಸಿಲ್ಲ ಎಂಬುದನ್ನೂ ಗುರುತಿಸಿತು. ಗರ್ಭಕ್ಕೆ ಕಾರಣ ಎಂದು ಆಕೆ ಹೆಸರು ಹೇಳಿದ ಗಂಡಸಿನ ಜೊತೆ ಕೂತು ಮಾತಾಡಿ ಎಂದು ತಂದೆತಾಯಿಗೆ ಸೂಚಿಸಿತು.

ಆ ತಂದೆಯನ್ನು ಖಳನನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಹತ್ತಡಿ ಖೋಲಿಯಲ್ಲಿ ಬದುಕಿ, ಗಂಡ ಹೆಂಡತಿ ಇಬ್ಬರೂ ಲೋಕಲ್ ಹಿಡಿದು ದುಡಿಯಲು ಹೋಗುವ ಈ ಮುಂಬಯಿಯಲ್ಲಿ ಇಂಥ ಮಗಳಿರುವ ಪ್ರತಿ ಮನೆಗೂ ಒಂದೇ ಚಿಂತೆ: ನಾವು ಹೋದ ಮೇಲೆ ಇವಳಿಗೆ ಯಾರು? ಅದು ನಿಜವಾದ ಭಯ. ಆದರೆ ಆ ಭಯಕ್ಕೆ ಉತ್ತರ ಕೊಡಬೇಕಾದದ್ದು ಸರ್ಕಾರ, ಸಮಾಜ. ಅದರ ಬೆಲೆಯನ್ನು ಮಗಳ ಒಡಲಿನಿಂದ ವಸೂಲು ಮಾಡುವುದು ಅನ್ಯಾಯ.

ಇಂಥ ವಿಷಯದಲ್ಲಿ ಹೆಣ್ಣಿನ ಮಾತೇ ಮುಖ್ಯ ಎಂದು ಕಾನೂನು ಹೇಳಿ ಬಹಳ ವರ್ಷಗಳಾದವು. ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ, ಬೌದ್ಧಿಕ ನ್ಯೂನತೆಯಿದ್ದ ಹೆಣ್ಣುಮಗಳೊಬ್ಬಳು ಮಗು ಬೇಕೆಂದಳು, ಹೈಕೋರ್ಟ್ ಬೇಡವೆಂದಿತು. 2009ರಲ್ಲಿ ಸುಪ್ರೀಂ ಕೋರ್ಟ್ ಅವಳ ಮಾತನ್ನೇ ಎತ್ತಿಹಿಡಿಯಿತು. ಗರ್ಭಪಾತ ಕಾಯ್ದೆಯಲ್ಲಿ ಗಾರ್ಡಿಯನ್ ಸಹಿ ಬೇಕಿರುವುದು ಅಪ್ರಾಪ್ತರಿಗೆ ಮತ್ತು ಮಾನಸಿಕ ಕಾಯಿಲೆ ಇರುವವರಿಗೆ. 2002ರ ತಿದ್ದುಪಡಿ ಬೌದ್ಧಿಕ ನ್ಯೂನತೆಯನ್ನು ಆ ಕಾಯಿಲೆಯ ವ್ಯಾಖ್ಯೆಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಆದರೆ 24 ವಾರದವರೆಗೆ ಅವಕಾಶ ಕೊಡುವ 2021ರ ನಿಯಮ ಎರಡನ್ನೂ ಒಂದೇ ಸಾಲಿನಲ್ಲಿ ಸೇರಿಸಿತು. ಆ ನಿಯಮ ಹೇಳುವುದು ವಾರಗಳ ಮಿತಿಯನ್ನು ಮಾತ್ರ, ಸಮ್ಮತಿಯ ಬಗ್ಗೆ ಅದರಲ್ಲಿ ಏನೂ ಇಲ್ಲ. ಹೀಗಿದ್ದೂ ಎರಡನ್ನು ಒಂದೇ ಎಂದು ಓದಿಕೊಳ್ಳುವುದಕ್ಕೆ ಇಂಥ ಸಾಲು ದಾರಿ ಮಾಡುತ್ತದೆ. ಆರೋಗ್ಯ ಸಚಿವಾಲಯ ಅದನ್ನು ತಿದ್ದಬೇಕು.

ಸಮ್ಮತಿ ಕೇಳದಿದ್ದರೆ ಏನಾಗುತ್ತದೆ ಎಂಬುದನ್ನು ಮಹಾರಾಷ್ಟ್ರ ಕಂಡಿದೆ. 1994ರ ಫೆಬ್ರವರಿಯಲ್ಲಿ ಶಿರೂರಿನ ಸರ್ಕಾರಿ ವಸತಿ ಸಂಸ್ಥೆಯಲ್ಲಿದ್ದ ಬೌದ್ಧಿಕ ನ್ಯೂನತೆಯ ಹುಡುಗಿಯರನ್ನು ಪುಣೆಯ ಸಸೂನ್ ಆಸ್ಪತ್ರೆಗೆ ಕರೆತಂದು ಹತ್ತಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆದರು. ಮುಟ್ಟಿನ ಶುಚಿ ನೋಡಿಕೊಳ್ಳಲಾರರು ಎಂಬುದು ಕಾರಣ. ಕ್ಯಾಲೆಂಡರಿನ ಮೇಲೆ ಕೆಂಪು ಚುಕ್ಕಿ ಇಟ್ಟು, ಚಡ್ಡಿಯ ಮೇಲೆ ಪ್ಯಾಡ್ ಕೂರಿಸುವ ಜಾಗಕ್ಕೆ ಬಣ್ಣದ ದಾರದಲ್ಲಿ ಗೆರೆ ಹೊಲಿದು, ತಿಂಗಳುಗಟ್ಟಲೆ ಕೈಹಿಡಿದು ತೋರಿಸಿದರೆ ಎಷ್ಟೋ ಹುಡುಗಿಯರು ತಾವೇ ಕಲಿಯುತ್ತಾರೆ. ಅದಕ್ಕೆ ಆಯಾಗಳು ಬೇಕು, ನೀರು ಬೇಕು, ತಾಳ್ಮೆ ಬೇಕು. ಕತ್ತರಿ ಅಗ್ಗವಾಯಿತು. ಅತ್ಯಾಚಾರದ ಭಯ ಎನ್ನುವವರಿಗೂ ಒಂದು ಮಾತು: ಗರ್ಭಕೋಶ ತೆಗೆದರೆ ಅತ್ಯಾಚಾರ ನಿಲ್ಲುವುದಿಲ್ಲ; ಬಸಿರು ನಿಲ್ಲುತ್ತದೆ, ಅದರ ಜೊತೆಗೆ ಅಪರಾಧ ಹೊರಬರುವ ದಾರಿಯೂ ಮುಚ್ಚುತ್ತದೆ. ಸ್ವತಂತ್ರ, ತಿಳಿವಳಿಕೆಯ ಸಮ್ಮತಿ ಇಲ್ಲದೆ ಬಂಜೆತನಕ್ಕೆ ಕಾರಣವಾಗುವ ಚಿಕಿತ್ಸೆ ಕೂಡದು ಎಂದು ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳಿದ್ದು 2016ರಲ್ಲಿ. ತೀವ್ರ ವೈಕಲ್ಯದ ಸಂದರ್ಭ ಬಿಟ್ಟರೆ, ಅಂಗವಿಕಲ ಹೆಣ್ಣಿನ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿದವರಿಗೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಎಂದೂ ಅದು ಹೇಳುತ್ತದೆ.

ಮುಂಬಯಿ ಕನ್ನಡಿಗರಿಗೆ ಇಲ್ಲಿ ಅರುಣಾ ಶಾನಭಾಗ ನೆನಪಾಗದೆ ಇರಲಾರಳು. ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಬಂದ ನರ್ಸ್. 1973ರ ನವೆಂಬರಿನಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲೇ ದಾಳಿಗೊಳಗಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಮಾತಿಲ್ಲದೆ ಮಲಗಿದ್ದಳು. ದಯಾಮರಣ ಕೋರಿದ ಅರ್ಜಿಯಲ್ಲಿ ಅವಳ ಪರವಾಗಿ ಯಾರು ಮಾತಾಡಬೇಕು ಎಂಬ ಪ್ರಶ್ನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಉತ್ತರ, ದಿನವೂ ಅವಳನ್ನು ನೋಡಿಕೊಂಡ ಕೆಇಎಂ ಸಿಬ್ಬಂದಿ. ಅರುಣಾಳನ್ನು ಕೇಳುವ ದಾರಿಯೇ ಇರಲಿಲ್ಲ. ಈ 27ರ ಹೆಣ್ಣುಮಗಳು ಮಾತಾಡುತ್ತಾಳೆ, ಬೇಕು ಬೇಡ ಹೇಳುತ್ತಾಳೆ. ಮಾತು ಬರುವವಳನ್ನು ಮಾತೇ ಇಲ್ಲದವಳಂತೆ ನಡೆಸಿಕೊಳ್ಳುವುದೇ ಇಲ್ಲಿನ ದೊಡ್ಡ ತಪ್ಪು. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಕಾಯಿಲೆ ಇದ್ದವರು ಚಿಕಿತ್ಸೆಯ ಬಗ್ಗೆ ಮಾತಿನಲ್ಲಷ್ಟೇ ಅಲ್ಲ, ಸನ್ನೆಯಲ್ಲಿ ತಿಳಿಸಿದ ನಿರ್ಧಾರವನ್ನೂ ಮಾನ್ಯ ಮಾಡುತ್ತದೆ.

ಉಳಿದಿರುವುದು ಮಗಳ ಪರವಾಗಿ ಸಹಿ ಹಾಕುವ ಅಧಿಕಾರ ಕೊಡುವ ಗಾರ್ಡಿಯನ್ ಪತ್ರದ ವಿಷಯ. ಮಗು 18 ದಾಟಿದ ಮೇಲೆ ಹೆತ್ತವರಿಗೂ ತಾವಾಗಿ ಆ ಅಧಿಕಾರ ಇಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಈ ವ್ಯಕ್ತಿಗೆ ಗಾರ್ಡಿಯನ್ ಬೇಕೇ, ಬೇಕಿದ್ದರೆ ಯಾವ ಕೆಲಸಕ್ಕೆ ಎಂದು ಸಮಿತಿ ನೋಡಬೇಕೆಂಬುದು ಕಾಯ್ದೆಯಲ್ಲೇ ಇದೆ. ಬ್ಯಾಂಕ್ ಖಾತೆಗೆ, ಪಿಂಚಣಿಗೆ ಪಡೆದ ಕಾಗದ ಆಪರೇಷನ್ ಥಿಯೇಟರಿನ ಬಾಗಿಲು ತೆರೆಯಬಾರದು. ಹೆತ್ತವರಲ್ಲಿ ನನ್ನ ವಿನಂತಿ, ಅರ್ಜಿಯಲ್ಲಿ ಕಾರಣವನ್ನು ಬಿಡಿಸಿ ಬರೆಯಿರಿ, ಸಮಿತಿಯ ಮುಂದೆ ಮಗಳನ್ನೂ ಕೂರಿಸಿಕೊಳ್ಳಿ. ಸಂತಾನದ ಬಗ್ಗೆ ಅವಳ ಸಮ್ಮತಿಯೇ ಬೇಕು ಎಂಬ ಒಂದು ಸಾಲನ್ನು ಪ್ರತಿ ಪತ್ರದಲ್ಲೂ ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ. ಮುಂಬಯಿ ನಗರ ಮತ್ತು ಉಪನಗರ ಜಿಲ್ಲೆಗಳ ಸಮಿತಿಗಳಲ್ಲಿರುವ ಇಬ್ಬರು ಜಿಲ್ಲಾಧಿಕಾರಿಗಳು ಆ ಸಾಲನ್ನು ಈ ವರ್ಷವೇ ಬರೆಸಲಿ.