ಲಸಿಕೆ ಆರಿಸುವವರು ಯಾರು?

ಬೆಳಗಾವಿಯ ಟಿಳಕವಾಡಿಯಲ್ಲಿ ‘ವ್ಯಾಕ್ಸಿನ್ ಡಿಪೋ’ ಎಂಬ ಬಯಲಿದೆ. ಬೈಲಹೊಂಗಲ, ಕಿತ್ತೂರುಗಳಿಂದ ಪೇಟೆಗೆ ಹೋದವರು ಆ ಹೆಸರು ಕೇಳಿದ್ದಾರೆ. ಆ ಹೆಸರು ಬಂದುದು ಹೇಗೆಂದು ಎಷ್ಟು ಜನ ಬಲ್ಲರು? ಮೈಲಿ ಬೇನೆಗೆ ಲಸಿಕೆ ತಯಾರಿಸುವ ಸರಕಾರಿ ಸಂಸ್ಥೆ ಅಲ್ಲಿತ್ತು.

1962ರಲ್ಲಿ ಮೈಲಿಯನ್ನು ದೇಶದಿಂದಲೇ ಓಡಿಸುವ ಕಾರ್ಯಕ್ರಮ ಹೊರಟಾಗ, ಯಾವ ಲಸಿಕೆ ಎಂಬ ಪ್ರಶ್ನೆ ಎದ್ದಿತು. ದ್ರವ ಲಸಿಕೆ ನಮ್ಮ ಬಿಸಿಲಿಗೆ ಬೇಗ ಕೆಡುತ್ತಿತ್ತು. ಶೀತದಲ್ಲಿ ಒಣಗಿಸಿದ ಲಸಿಕೆ 37 ಡಿಗ್ರಿ ಕಾವಿನಲ್ಲಿಯೂ ಒಂದು ತಿಂಗಳು ತಾಳುತ್ತಿತ್ತು. ರಾಮದುರ್ಗದ ಕಡೆಯ ಹಳ್ಳಿಯವರೆಗೆ ಕೆಡದೆ ಮುಟ್ಟುವ ಲಸಿಕೆ ಯಾವದೋ ಅದೇ ಬೇಕಾಗಿತ್ತು. ಅದನ್ನು ಮೊದಲು ಸೋವಿಯೆತ್ ದೇಶ ಕೊಟ್ಟಿತು. ಮುಂದೆ ಬೆಳಗಾವಿಯೂ ಸೇರಿ ನಾಲ್ಕು ಸರಕಾರಿ ಸಂಸ್ಥೆಗಳು ತಾವೇ ತಯಾರಿಸಿದವು. 1975ರ ಮೇ ತಿಂಗಳ ತರುವಾಯ ದೇಶದಲ್ಲಿ ಮೈಲಿ ಕಾಣಲಿಲ್ಲ.

ಇನ್ನು 2021ನ್ನು ನೆನೆಯಿರಿ. ಕೋವ್ಯಾಕ್ಸಿನ್‌ಗೆ ಬೇಕಾದ ವೈರಾಣುವನ್ನು ಬೇರ್ಪಡಿಸಿ ಕೊಟ್ಟದ್ದು ಪುಣೆಯ ಸರಕಾರಿ ಸಂಸ್ಥೆ. ಮಾರಿದ್ದು ಖಾಸಗಿ ಕಂಪನಿ. ಮೂರನೆಯ ಹಂತದ ಪರೀಕ್ಷೆಯ ಫಲ ಬರುವ ಮೊದಲೇ, ಜನವರಿ 3ರಂದು, ಅದಕ್ಕೆ ಅಪ್ಪಣೆ ದೊರೆಯಿತು. ಮೇ 1ರಿಂದ ರಾಜ್ಯಗಳೂ ಆಸ್ಪತ್ರೆಗಳೂ ತಾವೇ ಕೊಂಡುಕೊಳ್ಳಬೇಕೆಂದಾಯಿತು. ಒಂದೇ ಕೋವಿಶೀಲ್ಡ್‌ಗೆ ಕೇಂದ್ರಕ್ಕೆ 150 ರೂಪಾಯಿ, ರಾಜ್ಯಕ್ಕೆ ಮೊದಲು 400, ಬೊಬ್ಬೆ ಎದ್ದ ಮೇಲೆ 300, ಖಾಸಗಿ ಆಸ್ಪತ್ರೆಗೆ 600! ಸವದತ್ತಿಯ ಸಂತೆಯಲ್ಲಿ ಅಂಗಡಿಕಾರನೊಬ್ಬ ಒಂದೇ ಮಾಲಿಗೆ ಮೂರು ದರ ಹೇಳಿದರೆ ಗಿರಾಕಿ ಸುಮ್ಮನಿರುವನೇ?

ಮೇ 14ರಿಂದ ಕರ್ನಾಟಕದ ಸರಕಾರಿ ಕೇಂದ್ರಗಳಲ್ಲಿ 18ರಿಂದ 44ರ ವಯಸ್ಸಿನವರಿಗೆ ಲಸಿಕೆ ನಿಂತಿತು. ಗಿರಣಿಯಲ್ಲಿ, ಮಗ್ಗದಲ್ಲಿ ದುಡಿಯುವ ವಯಸ್ಸು ಇದೇ ಅಲ್ಲವೇ? ಜೂನಿನಲ್ಲಿ ಗೊತ್ತುಪಡಿಸಿದ ಗರಿಷ್ಠ ದರ ಕೋವಿಶೀಲ್ಡ್‌ಗೆ 780. ನಾಲ್ವರ ಮನೆಗೆ ಎರಡೆರಡು ಸಲ ಹಾಕಿಸಿದರೆ 6,240 ರೂಪಾಯಿ! ಸುಪ್ರೀಂ ಕೋರ್ಟು ಮೇ 31ರಂದು ಈ ನೀತಿ ಮೇಲ್ನೋಟಕ್ಕೇ ಮನಬಂದಂತಿದೆ ಎಂದಿತು. ಜೂನ್ 7ರಂದು ಕೇಂದ್ರ ಸರಕಾರ ಹಿಂದೆ ಸರಿಯಿತು. ಆದರೂ ಕಾಲು ಪಾಲು ಖಾಸಗಿ ಆಸ್ಪತ್ರೆಗಳಿಗೇ ಉಳಿಯಿತು.

ಖಾಸಗಿಯವರಲ್ಲದೆ ಇಷ್ಟು ಬೇಗ ಯಾರು ತಯಾರಿಸುತ್ತಿದ್ದರು ಎಂದು ಕೇಳುವವರಿದ್ದಾರೆ. ಸರಕಾರಿ ಕಾರಖಾನೆಗಳನ್ನು ಸೊರಗಿಸಿದವರು ಯಾರು? 2008ರ ಜನವರಿಯಲ್ಲಿ ಕಸೌಲಿ, ಕೂನೂರು, ಗಿಂಡಿಯ ಮೂರು ಲಸಿಕಾ ಸಂಸ್ಥೆಗಳ ಪರವಾನಿಗೆಯನ್ನು, ತಯಾರಿಕೆಯ ನಿಯಮ ಪಾಲಿಸಲಿಲ್ಲವೆಂದು, ತಡೆಹಿಡಿದರು. ಮಾಳಿಗೆ ಸೋರಿದರೆ ರಿಪೇರಿ ಮಾಡಿಸುವದೋ, ಮನೆ ಬಿಟ್ಟು ಬಾಡಿಗೆಗೆ ಹೋಗುವದೋ? 2010ರಲ್ಲಿ ಆ ಅಪ್ಪಣೆ ಹಿಂತೆಗೆದರು. ಅಷ್ಟರಲ್ಲಿ ಎರಡು ವರ್ಷ ಕಳೆದಿದ್ದವು.

ಲಸಿಕೆ ಬೇಡವೆಂದು ನಾವು ಹೇಳುತ್ತಿಲ್ಲ. ಹಾಕಿಸಿಕೊಳ್ಳಿರಿ, ಮಕ್ಕಳಿಗೂ ಹಾಕಿಸಿರಿ. ನಮ್ಮ ತಕರಾರು ಅದನ್ನು ಆರಿಸುವ ರೀತಿಗೆ. ಪರೀಕ್ಷೆಯ ಫಲ ಮೊದಲು ಜನರ ಮುಂದಿಡಿರಿ. ದೇಶಕ್ಕೆಲ್ಲ ಒಬ್ಬನೇ ಕೊಳ್ಳುವವನು, ಒಂದೇ ದರ ಇರಲಿ. ಸರಕಾರಿ ಕಾರಖಾನೆಗಳಿಗೆ ಹಣ ಕೊಡಿರಿ. ಮತ ಕೇಳಲು ಬಂದವರಿಗೆ ಈ ಮೂರು ಮಾತು ಕೇಳಿರಿ. ಉತ್ತರ ಹೇಳದೆ ಅವರನ್ನು ಮುಂದಿನ ಓಣಿಗೆ ಬಿಡಬೇಡಿರಿ.