ಮೊಬೈಲಿನ ಮೂಲಕ ಹಣ ಸಲ್ಲಿಕೆ

ಹಣ ಕೈಸೇರದೆ ಮಾಲನ್ನು ಬಿಡಬಾರದೆಂಬುದು ರೈತರ ಹಳೆಯ ನೀತಿ. ನನ್ನ ಮತವೂ ಅದೇ. 2016ರಲ್ಲಿ ಪ್ರಾರಂಭವಾದ ಯುಪಿಐ ಪದ್ಧತಿಯನ್ನು ಪರೀಕ್ಷಿಸುವುದಕ್ಕಾಗಿ, ಈಗ ಬೆಂಗಳೂರು ನಗರದೊಳಗೆ ಸೇರಿರುವ ಹೆಗ್ಗನಹಳ್ಳಿಯಲ್ಲಿ ಒಂದು ತಿಂಗಳು ಸೊಪ್ಪು ತರಕಾರಿಗಳಿಗೆ ಮೊಬೈಲಿನಿಂದಲೇ ಹಣ ಸಲ್ಲಿಸಿದೆನು. ಚಿಲ್ಲರೆಯ ತೊಂದರೆ ತಪ್ಪಿತು. ಲೆಕ್ಕವೆಲ್ಲವೂ ಬ್ಯಾಂಕಿನಲ್ಲಿ ಉಳಿಯಿತು.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸುಗಳಿಗೆ ಅಂಜಿ ನಗರದ ಕೆಲವು ವರ್ತಕರು ಈ ಪದ್ಧತಿಯನ್ನು ನಿಲ್ಲಿಸಿದರು. ತಾಜಾ ತರಕಾರಿ, ಹಾಲುಗಳಿಗೆ ಜಿಎಸ್‌ಟಿ ಇಲ್ಲದ್ದರಿಂದ ಅವನ್ನು ಮಾತ್ರ ಮಾರುವ ರೈತನು ಹೆದರಬೇಕಾದುದಿಲ್ಲ.

ಹೆದರಬೇಕಾದುದು ಮೋಸಗಾರರಿಗೆ. ಹಣವನ್ನು ಪಡೆಯುವುದಕ್ಕೆ ಪಿನ್ ಸಂಖ್ಯೆಯು ಬೇಕಿಲ್ಲ. ಅದನ್ನು ಒತ್ತಿದರೆ ಹಣವು ಹೋದೀತೇ ಹೊರತು ಬಾರದು. ಕೊಳ್ಳುವವನು ತೋರಿಸುವ ಚಿತ್ರವನ್ನು ನಂಬದೆ, ತನ್ನ ಖಾತೆಗೆ ಜಮೆಯಾದುದನ್ನು ನೋಡಿಯೇ ಮಾಲನ್ನು ಬಿಡತಕ್ಕದ್ದು. ಗ್ರಾಮದ ಮುಖಂಡರೂ ಜಮೀನುದಾರರೂ ಇದನ್ನು ರೈತರಿಗೆ ತಿಳಿಯಹೇಳಬೇಕೆಂದು ಪ್ರಾರ್ಥಿಸುವೆನು.