ದ್ರಾಕ್ಷಿ ಹಂಗಾಮಿನ ರೋಜಾ

ಮಕ್ಕಳೇ, ಚಂದ್ರನ ಲೆಕ್ಕದ ವರ್ಷಕ್ಕೆ ಸುಮಾರು 354 ದಿನ. ಅದಕ್ಕೇ ರಮಜಾನ್ ತಿಂಗಳು ಪ್ರತಿವರ್ಷ ಹತ್ತು-ಹನ್ನೊಂದು ದಿನ ಮುಂಚೆ ಬರುತ್ತದೆ. 2025ರಲ್ಲಿ ಮಾರ್ಚಿನಲ್ಲಿ ಬಂತು. ನಮ್ಮ ಬಿಜ್ಜರಗಿ ಕಡೆ ಅದು ದ್ರಾಕ್ಷಿ ಕೊಯ್ಲಿನ ಕಾಲ. ನಸುಕಿನಲ್ಲೇ ಸಹರಿ ಉಂಡು ಕೂಲಿಗೆ ಬಂದಿದ್ದ ಕಾಕಾ ದಿನವಿಡೀ ಗೊನೆ ಕತ್ತರಿಸಿದರು. ಹಣ್ಣಿರಲಿ, ಗುಟುಕು ನೀರೂ ಇಲ್ಲ. ಆ ಬಿಸಿಲು ಕಂಡವರೇ ಬಲ್ಲರು!

“ಒಂದ್ ಹಣ್ಣ ತಿಂದ್ರ ಯಾರಿಗೆ ಗೊತ್ತಾಗತೈತಿ, ಕಾಕಾ?” ಎಂದ ನನ್ನ ಮೊಮ್ಮಗ.

“ನನಗ ಗೊತ್ತಾಗತೈತಲ್ಲಪಾ! ನೀ ತಿನ್ನು, ಸಣ್ಣ ಹುಡುಗರಿಗೆ ರೋಜಾ ಕಡ್ಡಾಯ ಇಲ್ಲ” ಎಂದು ಗೊನೆಯೊಂದನ್ನು ಅವನ ಕೈಗಿಟ್ಟರು.

ಈದ್ ನಮಾಜಿಗೆ ಮೊದಲೇ ಬಡವರಿಗೆ ಫಿತ್ರಾ ಮುಟ್ಟಿಸಬೇಕು. ಹಬ್ಬದ ದಿನ ಯಾರ ಒಲೆಯೂ ತಣ್ಣಗಿರಬಾರದು. ಕಾಕಾ ಕೂಲಿಯಲ್ಲಿ ಅದನ್ನು ಮೊದಲು ತೆಗೆದಿಟ್ಟರು. ಸುರಕುಂಬಾಕ್ಕೆ ಒಣದ್ರಾಕ್ಷಿ ಕೊಂಡದ್ದು ಆಮೇಲೆ.